ಬಾಳೆಹಣ್ಣಿನ ವಾಸನೆ ಬಂದವರು ಕೈ ಎತ್ತಿ

2003ರ ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ಮಸ್ಕತ್ತಿನ ಹತ್ತಿರ ರುಸೈಲಿನಲ್ಲಿದ್ದ ನಮ್ಮ ಲಾರಿ ಕಂಪನಿಯ ಅಂಗಳಕ್ಕೆ ಹನ್ನೆರಡು ಪೆಟ್ಟಿಗೆಗಳು ಬಂದು ಇಳಿದವು. ಒಳಗೆ ಏನಿದೆ ಎಂದು ಯಾವುದರ ಮೇಲೂ ಬರೆದಿರಲಿಲ್ಲ. ಕಳಿಸಿದವರ ಚೀಟಿಯನ್ನು ಯಾರೋ ಮೊದಲೇ ಕಿತ್ತಿದ್ದರು. ಅಂಟು ಮಾತ್ರ ಉಳಿದು ಅದಕ್ಕೆ ಧೂಳು ಮೆತ್ತಿಕೊಂಡಿತ್ತು. ಆ ದಿನದ ಡೈರಿಯಲ್ಲಿ ‘ಪೆಟ್ಟಿಗೆ 12, ವಸ್ತು ಗೊತ್ತಿಲ್ಲ’ ಎಂದು ಬರೆದುಕೊಂಡೆ.

ಆಗ ನನಗೆ ಇಪ್ಪತ್ಮೂರು ವರ್ಷ. ಮೈಸೂರಿನಲ್ಲಿ ಡಿಪ್ಲೊಮಾ ಮುಗಿಸಿ ಒಮಾನಿಗೆ ಬಂದು ಆ ಕಂಪನಿಯಲ್ಲಿ ಸೇಫ್ಟಿ ಅಸಿಸ್ಟೆಂಟ್ ಆಗಿದ್ದೆ. ಟೈರುಗಳ ಸವೆತ, ಬೆಂಕಿ ಆರಿಸುವ ಸಿಲಿಂಡರುಗಳ ಒತ್ತಡ, ಚಾಲಕರ ಕಣ್ಣಿನ ಪರೀಕ್ಷೆಯ ತಾರೀಕು ಇವುಗಳ ಲೆಕ್ಕವಿಡುವುದು ನನ್ನ ಕೆಲಸ. ಕೆಲಸ ಮುಗಿದ ಮೇಲೂ ನಾನು ಲೆಕ್ಕ ಬಿಡುತ್ತಿರಲಿಲ್ಲ. ಮೆಸ್ಸಿನಲ್ಲಿ ವಾರಕ್ಕೆ ಎಷ್ಟು ಸಲ ಮೀನು, ರೂಮಿನ ಎಸಿ ಎಷ್ಟು ಸಲ ಕೆಟ್ಟಿತು ಎಲ್ಲವೂ ಡೈರಿಗೆ ಹೋಗುತ್ತಿತ್ತು.

ಪೆಟ್ಟಿಗೆಗಳನ್ನು ನಮ್ಮ ಮ್ಯಾನೇಜರ್ ಸಂಜೆ ತೆಗೆಸಿದರು. ಅವರು ಬೆಂಗಳೂರಿನವರು. ಒಳಗಿದ್ದದ್ದು ವಿಷಾನಿಲದಿಂದ ಕಾಪಾಡುವ ಮುಖವಾಡಗಳು, ಅವಕ್ಕೆ ಸಿಕ್ಕಿಸುವ ಫಿಲ್ಟರುಗಳು, ಒಳಪದರದಲ್ಲಿ ಇದ್ದಿಲು ಸೇರಿಸಿದ ದಪ್ಪ ಹಸಿರು ಅಂಗಿ-ಪ್ಯಾಂಟುಗಳು. ರಬ್ಬರಿನ ವಾಸನೆ ಸ್ಟೋರಿನ ತುಂಬ ಹಬ್ಬಿತು.

“ಒಳನಾಡಿನ ಮರುಭೂಮೀಲಿ ಒಂದು ಮಿಲಿಟರಿ ಕ್ಯಾಂಪಿದೆ. ಅಲ್ಲಿಗೆ ನಾವು ನೀರು ಸಾಗಿಸಬೇಕು, ಅಷ್ಟೇ ಕಣ್ರೀ,” ಎಂದರು ಮ್ಯಾನೇಜರ್. “ಮಾಸ್ಕ್ ಸರಿಯಾಗಿ ಕೂತಿದೆ ಅಂತ ಕಾರ್ಡ್ ಇಲ್ಲದೆ ಡ್ರೈವರನ್ನ ಗೇಟೊಳಗೆ ಬಿಡಲ್ವಂತೆ. ಕಾರ್ಡಿಗೆ ಸೈನ್ ನಿಮ್ದು.”

“ಯಾರ ಕ್ಯಾಂಪು ಸಾರ್?”

“ಅದನ್ನೆಲ್ಲ ಕೇಳಬೇಡಿ. ಕೇಳಿದ್ರೆ ನನಗೂ ಗೊತ್ತಿಲ್ಲ.”

ಗೊತ್ತಿಲ್ಲ ಎನ್ನುವಾಗ ಅವರು ನನ್ನ ಮುಖ ನೋಡಲಿಲ್ಲ. ಟೀವಿಯಲ್ಲಿ ಆ ದಿನಗಳಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಇರಾಕಿನದೇ ಸುದ್ದಿ. ಯುದ್ಧ ಆಗುತ್ತದೆ, ಆಗುವುದಿಲ್ಲ, ವಿಷಾನಿಲ ಇದೆ, ಇಲ್ಲ. ಅದೆಲ್ಲ ಕೊಲ್ಲಿಯ ಆ ತುದಿಯಲ್ಲಿ. ನೀರಿನ ಲಾರಿಯ ಚಾಲಕನಿಗೆ ಈ ತುದಿಯಲ್ಲಿ ಮುಖವಾಡ ಯಾಕೆ ಎಂಬುದಕ್ಕೆ ಯಾರಲ್ಲೂ ಉತ್ತರವಿರಲಿಲ್ಲ. ಇದ್ದವರು ಹೇಳುತ್ತಿರಲಿಲ್ಲ.

ಎರಡು ದಿನ ಬಿಟ್ಟು ತರಬೇತಿ ಕೊಡುವವನು ಬಂದ. ನಿವೃತ್ತ ಸೈನಿಕ, ಇಂಗ್ಲೆಂಡಿನವನು. ಬಿಸಿಲಿಗೆ ಕತ್ತು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು, ಕೆನ್ನೆ ಗಾಜಿನಷ್ಟು ನುಣುಪು. ಚಾಲಕರನ್ನು ಟ್ಯಾಂಕರಿನ ನೆರಳಿನಲ್ಲಿ ಕೂರಿಸಿ ಪಾಠ ಶುರುಮಾಡಿದ. ಅವನ ಇಂಗ್ಲಿಷನ್ನು ನಾನು ಹಿಂದಿಗೆ, ಅಗತ್ಯವಿದ್ದಲ್ಲಿ ಕನ್ನಡಕ್ಕೆ ಮಾಡಿ ಹೇಳಬೇಕು. ಮರುಭೂಮಿಯಲ್ಲಿ ನಡು ಮಧ್ಯಾಹ್ನದ ಕಾವಿಗೆ ವಿಷಾನಿಲ ಮೇಲೆದ್ದು ಚದುರಿ ಹೋಗುತ್ತದೆ, ನಸುಕಿನಲ್ಲಿ ಮರಳು ತಣ್ಣಗಿರುವಾಗ ನೆಲಕ್ಕೆ ಅಂಟಿಕೊಂಡು ನಿಲ್ಲುತ್ತದೆ. ಹಾಗಾಗಿ ಬೆಳಗಿನ ಜಾವ ತಗ್ಗಿನಲ್ಲಿ ಲಾರಿ ನಿಲ್ಲಿಸಬಾರದು. ರೋಗಾಣುಗಳದ್ದು ಇನ್ನೂ ಕಷ್ಟ, ಅವಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯ ಧೂಳಿನಲ್ಲಿ ಬಂದರೆ ಧೂಳಿನ ಹಾಗೇ ಇರುತ್ತವೆ. ‘ಗ್ಯಾಸ್’ ಎಂದು ಕೂಗಿದ ಕೂಡಲೇ ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ, ಒಂಬತ್ತು ಸೆಕೆಂಡಿನೊಳಗೆ ಮುಖವಾಡ ಹಾಕಬೇಕು.

ಹಿಂದಿನಿಂದ ಒಂದು ಕೈ ಎದ್ದಿತು. ಅದು ಕಾಕನದು.

ಕಾಕಾ ಮಂಗಳೂರಿನ ಹತ್ತಿರದ ಒಂದು ಊರಿನ ಬ್ಯಾರಿ. ನಲವತ್ತು ದಾಟಿದ ಆಳು. ಕಂಪನಿಯಲ್ಲಿ ಎಲ್ಲರಿಗೂ ಅವರು ಕಾಕಾ. ಇಲ್ಲಿಗೆ ಸೇರುವ ಮೊದಲು ಸಲಾಲಾದಿಂದ ಮಸ್ಕತ್ತಿಗೆ ಹಣ್ಣಿನ ಲಾರಿ ಓಡಿಸುತ್ತಿದ್ದರು. ಬಸ್ಸಿನಲ್ಲಿ ಮಕ್ಕಾಕ್ಕೆ ಹೋಗಿ ಉಮ್ರಾ ಮುಗಿಸಿ ಬಂದಾಗಿನಿಂದ ಬಿಟ್ಟ ಗಡ್ಡ ಎದೆಗೆ ತಾಗುತ್ತಿತ್ತು. ನನ್ನನ್ನು ಅವರು ಕರೆಯುತ್ತಿದ್ದದ್ದು ನನ್ನ ಊರಿನ ಹೆಸರಿನಿಂದ.

“ಮೈಸೂರು, ಅವನ ಹತ್ರ ಕೇಳು. ಯುದ್ಧ ಆಗೂದು ಅಲ್ಲಿ. ನಾವು ನೀರು ಕೊಂಡೋಗೂದು ಇಲ್ಲಿ. ಮತ್ತೆ ಇದು ನಮ್ಮ ಮುಖಕ್ಕೆ ಎಂತದಕ್ಕೆ?”

ಕೇಳಿದೆ. ಸೈನಿಕ ಒಂದೇ ಪದದಲ್ಲಿ ಉತ್ತರಿಸಿದ. “ಸಿದ್ಧತೆಯಂತೆ ಕಾಕಾ,” ಎಂದೆ.

“ಎಂತದೋ ಬರ್ಲಿಕ್ಕುಂಟು. ಇವನಿಗೆ ಗೊತ್ತುಂಟು. ನಿನಗೂ ಗೊತ್ತುಂಟಾ ಅಂತ ನನಗೆ ಡೌಟು.”

ನನಗೆ ಗೊತ್ತಿರಲಿಲ್ಲ. ಆದರೆ ಅನುವಾದ ಮಾಡುವವನು ಅರ್ಧ ನುಂಗುತ್ತಾನೆ ಎಂಬ ಅನುಮಾನ ಆ ನೆರಳಿನಲ್ಲಿ ಕೂತಿದ್ದ ಎಲ್ಲರ ಕಣ್ಣಿನಲ್ಲೂ ಕಾಣುತ್ತಿತ್ತು.

ಮುಖವಾಡ ಸರಿಯಾಗಿ ಕೂತಿದೆಯೇ ಎಂದು ನೋಡುವ ಪರೀಕ್ಷೆ ಮರುದಿನ. ನಿಜವಾದ ವಿಷ ಬಿಟ್ಟು ನೋಡುವ ಹಾಗಿಲ್ಲವಲ್ಲ. ಅದಕ್ಕೆ ಬದಲು ಬಾಳೆಹಣ್ಣಿನ ವಾಸನೆಯ ಒಂದು ದ್ರವ ಸಣ್ಣ ಡಬ್ಬಿಯಲ್ಲಿ ಬಂದಿತ್ತು. ಛಾವಣಿಯ ಕೊಕ್ಕೆಗೆ ಒಂದು ಕಬ್ಬಿಣದ ಬಳೆ, ಬಳೆಯಿಂದ ನೆಲದವರೆಗೆ ಇಳಿಬಿಟ್ಟ ಪ್ಲಾಸ್ಟಿಕ್ ಹಾಳೆ. ಒಬ್ಬ ನಿಲ್ಲುವಷ್ಟು ಗೂಡು. ಚಾಲಕ ಮುಖವಾಡ ಹಾಕಿಕೊಂಡು ಒಳಗೆ ನಿಲ್ಲಬೇಕು. ದ್ರವದಲ್ಲಿ ಅದ್ದಿದ ಕಾಗದವನ್ನು ಮೇಲೆ ನೇತು ಹಾಕುತ್ತಾರೆ. ಆಮೇಲೆ ಅವನು ತಲೆಯನ್ನು ಆಚೆ ಈಚೆ ತಿರುಗಿಸಬೇಕು, ಮೇಲೆ ಕೆಳಗೆ ಮಾಡಬೇಕು, ಜೋರಾಗಿ ಅಂಕಿ ಎಣಿಸಬೇಕು. ಮುಖವಾಡ ಬಿಗಿಯಾಗಿದ್ದರೆ ಏನೂ ತಿಳಿಯುವುದಿಲ್ಲ. ಸಂದಿಯಿದ್ದರೆ ವಾಸನೆ ಬರುತ್ತದೆ. ವಾಸನೆ ಬಂದವನು ಕೈ ಎತ್ತಬೇಕು. ಕೈ ಎತ್ತಿದವನು ಫೇಲು.

ಶುರುವಿಗೆ ಮುಂಚೆ ಡಬ್ಬಿಯ ಮುಚ್ಚಳ ತೆಗೆದು ಸಾಲಿನಲ್ಲಿ ಕೈಯಿಂದ ಕೈಗೆ ಕೊಟ್ಟರು. ಸೈನಿಕ ‘ಬನಾನಾ’ ಎಂದ. ನಾನು ‘ಕೇಲಾ’ ಎಂದೆ, ‘ಬಾಳೆಹಣ್ಣು’ ಎಂದೆ. “ಈ ವಾಸನೆ ಬಂದವರು ಕೈ ಎತ್ತಿ.” ಅಷ್ಟೇ.

ಈ ಪರೀಕ್ಷೆ ಪೂರ್ತಿ ನಿಂತಿರುವುದು ಒಳಗಿರುವವನ ಮಾತಿನ ಮೇಲೆ ಎಂದು ನನಗೆ ಹೊಳೆದದ್ದು ಆ ದಿನ ನಡುವಿನಲ್ಲಿ. ಮರುಭೂಮಿಗೆ ಹೋಗಲು ಮನಸ್ಸಿಲ್ಲದವನು ಸುಮ್ಮನೆ ಕೈ ಎತ್ತಿದರೆ ಸಾಕು. ಹೋಗಲೇಬೇಕು ಎನ್ನುವವನು ಎತ್ತದಿದ್ದರೆ ಸಾಕು. ಹೋಗಲೇಬೇಕಾದವರು ಬಹಳ ಜನ ಇದ್ದರು, ಯಾಕೆಂದರೆ ಈ ವರ್ಷ ವೀಸಾ ಮುಂದುವರಿಸುವುದು ಕ್ಯಾಂಪಿನ ಲೈನಿನಲ್ಲಿರುವವರಿಗೆ ಮಾತ್ರ ಎಂದು ಕಂಪನಿಯ ಒಮಾನಿ ಮಾಲೀಕ, ನಮ್ಮ ಕಫೀಲ್, ಹೇಳಿಬಿಟ್ಟಿದ್ದರು. ಉಳಿದವರು ಖಲಾಸ್. ಕಾಕನ ವೀಸಾ ಏಪ್ರಿಲಿಗೆ ಮುಗಿಯುತ್ತಿತ್ತು.

ನಾನು ಡೈರಿಯ ಹಿಂಬದಿಯಲ್ಲಿ ಎರಡು ಸಾಲು ಗೆರೆ ಎಳೆದುಕೊಂಡು ಹೋದೆ: ಎತ್ತಿದವರು, ಎತ್ತದವರು. ವೀಸಾಕ್ಕೆ ಇನ್ನೂ ಒಂದು ವರ್ಷ ಇರುವವರ ಮುಖವಾಡಗಳೇ ಹೆಚ್ಚು ಸೋರುತ್ತಿದ್ದವು. ಒಬ್ಬ ಪಂಜಾಬಿ ಚಾಲಕನಂತೂ ಗೂಡಿನೊಳಗೆ ಕಾಲಿಟ್ಟವನೇ ಎರಡೂ ಕೈ ಎತ್ತಿದ.

“ಆ ಗಯಾ ಸಾಬ್! ಕೇಲಾ ಹೀ ಕೇಲಾ!”

ಸೈನಿಕ ಆಗಿನ್ನೂ ಕಾಗದವನ್ನು ದ್ರವಕ್ಕೆ ಅದ್ದಿರಲಿಲ್ಲ. ಅಂಗಳವೆಲ್ಲ ನಕ್ಕಿತು. ಸೈನಿಕ ಮಾತ್ರ ನಗಲಿಲ್ಲ. ಅಲ್ಲಿಂದ ಮುಂದೆ ಒಳಹೋದ ಪ್ರತಿಯೊಬ್ಬನನ್ನೂ ಅವನು ಕಳ್ಳನನ್ನು ನೋಡುವಂತೆ ನೋಡಿದ.

ಕಾಕನ ಸರದಿ ಬಂದಾಗ ಸೈನಿಕ ಗಡ್ಡದ ಕಡೆ ಬೆರಳು ತೋರಿಸಿ ಆಗುವುದಿಲ್ಲ ಎಂದು ತಲೆಯಾಡಿಸಿದ. ರಬ್ಬರು ಚರ್ಮಕ್ಕೆ ಕೂರಬೇಕು, ಕೂದಲಿನ ಮೇಲೆ ಕೂತರೆ ಬೇಲಿಯ ಮೇಲೆ ಮುಚ್ಚಳ ಇಟ್ಟಂತೆ. ಮ್ಯಾನೇಜರಿಗೆ ಚಾಲಕರು ಸಾಲದೆ ತಲೆ ಕೆಟ್ಟಿತ್ತು. “ಒಂದ್ಸಲ ನೋಡಿಬಿಡಿ,” ಎಂದರು.

ಕಾಕಾ ಒಳಗೆ ಹೋದರು. ಮುಖವಾಡದ ಅಂಚಿನುದ್ದಕ್ಕೂ ಗಡ್ಡ ಹೊರಗೆ ಚಾಚಿತ್ತು. ತಲೆ ತಿರುಗಿಸಿದರು, ಬಗ್ಗಿಸಿದರು. ಒಂದು, ಎರಡು, ಮೂರು ಎಂದು ಕನ್ನಡದಲ್ಲಿ ಎಣಿಸಿದರು. ರಬ್ಬರಿನ ಒಳಗಿಂದ ಆ ದನಿ ಬಾವಿಯೊಳಗಿಂದ ಬಂದಂತೆ ಕೇಳಿಸುತ್ತಿತ್ತು. ಕೈ ಏಳಲಿಲ್ಲ. ಹೊರಗೆ ಬಂದಾಗ ಚಾಲಕರು ಚಪ್ಪಾಳೆ ತಟ್ಟಿದರು.

ಸೈನಿಕ ಅವರನ್ನು ನಿಲ್ಲಿಸಿ, ಇನ್ನೂ ಬಿಚ್ಚದ ಮುಖವಾಡದ ಅಡಿಗೆ ದವಡೆಯ ಹತ್ತಿರ ಕಿರುಬೆರಳು ತೂರಿಸಿದ. ಬೆರಳು ಸಲೀಸಾಗಿ ಒಳಗೆ ಹೋಯಿತು. ನನ್ನನ್ನು ಪಕ್ಕಕ್ಕೆ ಕರೆದು, ಇವನ ಮೂಗು ಸತ್ತಿರಬೇಕು, ಇಲ್ಲವೇ ಸುಳ್ಳು ಹೇಳುತ್ತಿದ್ದಾನೆ, ಎರಡರಲ್ಲಿ ಯಾವುದಾದರೂ ಕಾರ್ಡು ಕೊಡುವಂತಿಲ್ಲ ಎಂದ.

ಸಂಜೆ ಮ್ಯಾನೇಜರ್ ಕರೆಸಿದರು. “ಏನ್ರೀ, ನಿಮ್ಮ ಕಾಕನಿಗೆ ಮೂಗೇ ಇಲ್ವಂತೆ? ಒಳಗೆ ಹೋಗೋ ಮುಂಚೆ ಕನ್ನಡದಲ್ಲಿ ಏನಾದ್ರೂ ಹೇಳಿಕೊಟ್ರಾ?”

“ಇಲ್ಲ ಸಾರ್. ಕೈ ಎತ್ತೋದು ಯಾವಾಗ ಅಂತ ಮಾತ್ರ ಹೇಳಿದೆ.”

“ನಾನು ನಂಬ್ತೀನಿ. ಆ ಟ್ರೈನರ್ ನಂಬಲ್ಲ.” ಅವರು ನಂಬಿರಲಿಲ್ಲ ಎಂಬುದು ಆ ಮಾತಿನಲ್ಲೇ ಇತ್ತು.

ಕಾಕನ ಕಾರ್ಡು ನನ್ನ ಡ್ರಾಯರಿನಲ್ಲಿ ಸಹಿಯಿಲ್ಲದೆ ಉಳಿಯಿತು. ಮೆಸ್ಸಿನಲ್ಲಿ ಅವರು ತಟ್ಟೆ ಹಿಡಿದು ಬಂದು ನನ್ನೆದುರು ಕೂತರು.

“ನನ್ನ ಕಾರ್ಡ್ ಎಲ್ಲುಂಟು?”

“ಇನ್ನೊಂದ್ಸಲ ನೋಡಬೇಕಂತೆ ಕಾಕಾ.”

“ಆ ಪಂಜಾಬಿ ಸುಳ್ಳು ಹೇಳಿದ, ಅವನು ಆರಾಮ ಬುರೈಮಿ ಊರಿನ ಲೈನಿಗೆ ಹೋದ. ನಾನು ಎಂತ ಹೇಳ್ಳೇ ಇಲ್ಲ, ನಾನು ಕಳ್ಳ. ಚಂದ ಉಂಟು ನಿಮ್ಮ ಟೆಸ್ಟು.” ಅನ್ನ ಕಲಸುತ್ತ ದನಿ ತಗ್ಗಿಸಿದರು. “ನಿಜ ಹೇಳು ಮಾರಾಯಾ. ಇದು ಗ್ಯಾಸಿಂದಲ್ಲ ಅಲ್ವಾ? ಗಡ್ಡ ಉಂಟಾ ಇಲ್ವಾ ನೋಡ್ಲಿಕ್ಕೆ ಮಾಡಿದ್ದಲ್ವಾ?”

ಅಲ್ಲ ಎಂದೆ. ರಬ್ಬರು, ಚರ್ಮ, ಸಂದಿ ಎಂದು ವಿವರಿಸಿದೆ. ಅವರು ಪೂರ್ತಿ ಕೇಳಿ, ಮೀನಿನ ಮುಳ್ಳು ತೆಗೆದು ತಟ್ಟೆಯ ಅಂಚಿಗಿಟ್ಟರು. ನಂಬಿದಂತೆ ಕಾಣಲಿಲ್ಲ. ಗಡ್ಡದವರನ್ನೆಲ್ಲ ಶಂಕಿಸುತ್ತಿದ್ದ ಆ ದಿನಗಳ ಟೀವಿ ನೋಡಿದ ಯಾರಿಗಾದರೂ ಆ ಅನುಮಾನ ಬರುವಂಥದ್ದೇ.

ಮುಂದಿನ ವಾರ ಸೈನಿಕ ಎರಡು ಗಾಜಿನ ಶೀಶೆ ತಂದ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ನೀರಿಗೆ ಆ ದ್ರವದ ಹನಿ. ಮೂಗು ಸತ್ತಿದೆಯೇ ಇಲ್ಲವೇ ಎಂದು ನೋಡಲು. ಕಾಕಾ ಎರಡನ್ನೂ ಮೂಸಿದರು.

“ಬಾಳೆಹಣ್ಣಿನ ವಾಸನೆ ಯಾವುದರಲ್ಲಿದೆ ಕಾಕಾ?”

“ಎರಡರಲ್ಲೂ ಇಲ್ಲ.”

ಸೈನಿಕ ನನ್ನ ಅನುವಾದಕ್ಕೆ ಕಾಯದೆ ಪರೀಕ್ಷೆಯ ಪಟ್ಟಿಯ ಕಾಗದ ಮಡಚತೊಡಗಿದ. ಮೂಗು ಸತ್ತವನನ್ನು ಪರೀಕ್ಷೆ ಮಾಡುವುದೇ ಸಾಧ್ಯವಿಲ್ಲ. ಕಥೆ ಅಲ್ಲಿಗೆ ಮುಗಿಯಿತು. ಕಾಕಾ ಅವನ ಕೈ ನೋಡಿದರು, ನನ್ನ ಮುಖ ನೋಡಿದರು.

“ನಿಲ್ಲು ನಿಲ್ಲು. ವಾಸನೆ ಇಲ್ಲಾಂತ ಎಲ್ಲಿ ಹೇಳಿದೆ? ಈ ಬಲಗೈದರಲ್ಲಿ ಉಂಟಲ್ಲ, ನನ್ನ ಮಗಳು ಉಗುರಿಗೆ ಹಚ್ಚುವ ಬಣ್ಣದ ವಾಸನೆ. ಅದಕ್ಕೂ ಬಾಳೆಹಣ್ಣಿಗೂ ಎಂತ ಸಂಬಂಧ?”

“ಇದನ್ನೇ ಕಾಕಾ ಬಾಳೆಹಣ್ಣು ಅನ್ನೋದು.”

“ಯಾರು ಅನ್ನೂದು? ಕದಳಿ ಹೀಗೆ ಬರ್ತದಾ? ನೇಂದ್ರ? ಸಲಾಲಾದ ಪುಟ್ಟ ಹಣ್ಣು ನಾನು ಲೋಡುಗಟ್ಟಲೆ ತಂದಿದ್ದೇನೆ, ಕ್ಯಾಬಿನ್ ಇಡೀ ಪರಿಮಳ. ನಿನ್ನ ಊರಿನ ಹೆಸರಿನದ್ದೇ ಒಂದುಂಟು, ಮೈಸೂರು ಬಾಳೆ. ಅದೂ ಹೀಗೆ ಬರ್ತದಾ, ಹೇಳು? ಬಾಳೆಹಣ್ಣು ಬಂದ್ರೆ ಕೈ ಎತ್ತು ಅಂದೆ. ಬಾಳೆಹಣ್ಣು ಬರ್ಲಿಲ್ಲ, ಎತ್ಲಿಲ್ಲ.”

ನಾನು ಶೀಶೆಯನ್ನು ಇಸಿದುಕೊಂಡು ಮೂಸಿದೆ. ಬಾಳೆಹಣ್ಣಿನ ಹೆಸರಿನ ಪೆಪ್ಪರಮೆಂಟಿನ ವಾಸನೆ. ಅಂಗಡಿಯ ಹಣ್ಣಿನ ವಾಸನೆಯಲ್ಲ, ಅದು ನಿಜ. ಸೈನಿಕನಿಗೆ ವಿವರಿಸಿದೆ. ಮೊದಲ ಸಲ ಅವನು ನಕ್ಕ. ಜಗತ್ತಿನಲ್ಲಿ ಒಂದಕ್ಕಿಂತ ಹೆಚ್ಚು ಬಾಳೆಹಣ್ಣು ಇದೆಯೆಂದು ತನಗೆ ಗೊತ್ತಿರಲಿಲ್ಲ ಎಂದ.

ಆದರೆ ನನಗೆ ನಗು ಬರಲಿಲ್ಲ. ಮೊದಲ ಪರೀಕ್ಷೆಯ ದಿನ ಆ ಡಬ್ಬಿ ಸಾಲಿನಲ್ಲಿ ಕೈಯಿಂದ ಕೈಗೆ ಹೋಗಿತ್ತು. ಅದನ್ನು ಮೂಸಿದವನಿಗೆ ‘ಈ ವಾಸನೆ’ ಎಂದರೆ ಯಾವ ವಾಸನೆ ಎಂದು ತಿಳಿದಿರಬೇಕು. ಕೇಳಿದಾಗ ಕಾಕಾ, “ಡಬ್ಬಿ ನನ್ನ ಹತ್ರ ಬರ್ಲೇ ಇಲ್ಲ. ನಾನು ಕಡೇಲಿ ಕೂತದ್ದು,” ಎಂದರು. ಪಂಜಾಬಿಯನ್ನು ಕೇಳಿದೆ, ಅವನು ತಾನೇ ಅದನ್ನು ಕಾಕನ ಕೈಗೆ ಕೊಟ್ಟೆ ಎಂದು ಆಣೆ ಇಟ್ಟ. ಇಲ್ಲದ ವಾಸನೆಗೆ ಎರಡು ಕೈ ಎತ್ತಿದವನ ಆಣೆ ಅದು. ಶೀಶೆ ಮೂಸಿದಾಗಲೂ ಕಾಕಾ ಮೊದಲು ‘ಇಲ್ಲ’ ಎಂದಷ್ಟೇ ಹೇಳಿದ್ದರು. ಸೈನಿಕ ಕಾಗದ ಮಡಚಿದ ಮೇಲಷ್ಟೇ ಉಗುರಿನ ಬಣ್ಣ ನೆನಪಾಯಿತು. ನಾನು ಇದನ್ನೆಲ್ಲ ಡೈರಿಯಲ್ಲಿ ಪರ, ವಿರೋಧ ಎಂದು ಎರಡು ಭಾಗ ಮಾಡಿ ಬರೆದೆ. ಸರಿಸಮ ಬಂತು.

ಅವತ್ತೇ ಮತ್ತೆ ಗೂಡಿನೊಳಗೆ ನಿಲ್ಲಿಸಿದೆವು. ಈ ಸಲ ನಾನು ಹೇಳಿದ್ದು: “ಯಾವ ವಾಸನೆ ಬಂದರೂ ಕೈ ಎತ್ತಿ.” ಕಾಗದ ನೇತುಹಾಕಿ ಹಾಳೆ ಮುಚ್ಚಿದ ಕೂಡಲೇ ಕಾಕನ ಕೈ ಎದ್ದಿತು. “ಉಗುರಿನ ಬಣ್ಣ,” ಎಂದಿತು ರಬ್ಬರಿನೊಳಗಿನ ದನಿ.

ಮುಖವಾಡ ಸೋರುತ್ತಿತ್ತು. ಅದರಲ್ಲಿ ಇನ್ನು ಅನುಮಾನವಿರಲಿಲ್ಲ. ಗಡ್ಡ ಇದ್ದರೆ ಕಾರ್ಡಿಲ್ಲ, ಕಾರ್ಡಿಲ್ಲದಿದ್ದರೆ ಏಪ್ರಿಲಿನಲ್ಲಿ ಊರು.

ಮೂರು ವಾರ ಕಾಕಾ ನನ್ನೊಡನೆ ಮಾತಾಡಲಿಲ್ಲ. ನೀರಿನ ಲೈನು ಶುರುವಾಗಿ, ಕಾರ್ಡು ಸಿಕ್ಕವರು ನಸುಕಿಗೆ ಹೊರಡುತ್ತಿದ್ದರು, ಸೊಂಟಕ್ಕೆ ಮುಖವಾಡದ ಚೀಲ ಕಟ್ಟಿಕೊಂಡು. ಕಾಕಾ ಅಂಗಳದಲ್ಲಿ ಲಾರಿ ತೊಳೆಯುತ್ತಿದ್ದರು. ಮಾರ್ಚಿನ ನಡುವಿನಲ್ಲಿ ಒಂದು ದಿನ ಪೈಪು ಕೆಳಗೆ ಹಾಕಿ ನನ್ನ ಹತ್ತಿರ ಬಂದರು.

“ಮಸೀದಿಯಲ್ಲಿ ಕೇಳಿದೆ. ಜೀವಕ್ಕೆ ಅಪಾಯ ಅಂತಾದ್ರೆ ತೆಗೀಬಹುದು, ತಪ್ಪಿಲ್ಲ ಅಂದ್ರು. ಈಗ ನೀನು ಹೇಳು. ಅಲ್ಲಿ ಗ್ಯಾಸ್ ಬರ್ತದಾ?”

“ಗೊತ್ತಿಲ್ಲ ಕಾಕಾ.”

“ಬರೂದಿಲ್ವಾ?”

“ಅದೂ ಗೊತ್ತಿಲ್ಲ.”

“ಮತ್ತೆ ಎಂತದಕ್ಕೆ ಮಾರಾಯಾ ನಿನಗೆ ಸೇಫ್ಟಿ ಅಂತ ಹೆಸರು?” ಸಿಟ್ಟಿನಿಂದ ಹೇಳಿದ್ದಲ್ಲ. ಗಡ್ಡವನ್ನು ಮುಷ್ಟಿಯಲ್ಲಿ ಹಿಡಿದು ಅಲ್ಲೇ ನಿಂತಿದ್ದರು. “ಬರ್ತದೆ ಅಂತ ಒಂದು ಮಾತು ಹೇಳು. ನಾನು ಈಗ್ಲೇ ಹೋಗಿ ತೆಗೀತೇನೆ. ಸುಮ್ಮನೆ ಒಂದು ಕಾಗದಕ್ಕೋಸ್ಕರ ಅಂದ್ರೆ, ಅಲ್ಲಿ ಮೇಲೆ ಎಂತ ಹೇಳುದು?”

ಹೇಳಲು ನನ್ನಿಂದಾಗಲಿಲ್ಲ. ಬರುತ್ತದೆ ಎಂದರೆ ನನಗೆ ಮೊದಲೇ ಗೊತ್ತಿತ್ತು ಎಂದಾಗುತ್ತಿತ್ತು. ಬರುವುದಿಲ್ಲ ಎಂದರೆ ಪರೀಕ್ಷೆ ನಾಟಕ ಎಂದಾಗುತ್ತಿತ್ತು.

ಯುದ್ಧ ಶುರುವಾದದ್ದು ಒಂದು ಗುರುವಾರ, ನಮಗೆ ರಜೆಯ ದಿನ. ಬೆಳಿಗ್ಗೆ ಕಾಕಾ ನನ್ನ ರೂಮಿನ ಬಾಗಿಲು ತಟ್ಟಿದರು. “ಬಾ. ತೆಗೆದದ್ದು ನೀನು ಕಣ್ಣಾರೆ ನೋಡ್ಬೇಕು. ನಾಳೆ ಅದಕ್ಕೂ ಡೌಟು ಬರ್ಬಾರ್ದು.”

ರಸ್ತೆಯಾಚೆ ಮಲಯಾಳಿ ಕ್ಷೌರಿಕನ ಅಂಗಡಿ. ಜನ ತುಂಬಿದ್ದರು, ಆದರೆ ಯಾರೂ ಕ್ಷೌರಕ್ಕೆ ಬಂದವರಲ್ಲ; ಎಲ್ಲರ ಕಣ್ಣು ಮೂಲೆಯ ಟೀವಿಯ ಮೇಲೆ. ಅಲ್ಲಿ ಎಲ್ಲೋ ಒಂದು ಮರುಭೂಮಿಯಲ್ಲಿ ಸೈರನ್ ಕೂಗಿ, ಸೈನಿಕರು ಹಳ್ಳದೊಳಗೆ ಕೂತು ಮುಖವಾಡ ಎಳೆದುಕೊಳ್ಳುತ್ತಿದ್ದರು. ನಮ್ಮ ಸ್ಟೋರಿನಲ್ಲಿದ್ದಂಥವೇ. ಕಾಕಾ ಕನ್ನಡಿಯಲ್ಲಿ ಅದನ್ನು ತಿರುಗುಮುರುಗಾಗಿ ನೋಡಿದರು. ಕ್ಷೌರಿಕ ಎರಡೆರಡು ಸಲ ಕೇಳಿದ, ಪೂರ್ತಿಯಾ, ಪೂರ್ತಿಯೇನಾ ಎಂದು. ಕಾಕಾ ಕಣ್ಣು ಮುಚ್ಚಿ, ತೆಗಿ ಎಂಬಂತೆ ಕೈಯಾಡಿಸಿದರು.

ಕತ್ತರಿ ಮೊದಲು, ಕತ್ತಿ ಆಮೇಲೆ. ಅಡಿಯಿಂದ ಹೊರಬಂದ ಕೆನ್ನೆ ಬಿಸಿಲು ಕಾಣದೆ ಬಿಳಿಚಿತ್ತು. ಹಣೆ ಒಬ್ಬನದು, ಗಲ್ಲ ಇನ್ನೊಬ್ಬನದು ಎಂಬಂತೆ. ಮುಖ ಇಷ್ಟು ಚಿಕ್ಕದೆಂದು ನನಗೆ ಗೊತ್ತಿರಲಿಲ್ಲ. ಕಾಕಾ ಕಣ್ಣು ಬಿಟ್ಟು ಕನ್ನಡಿಯನ್ನು ಸ್ವಲ್ಪ ಹೊತ್ತು ನೋಡಿದರು.

“ಪಾಸ್‌ಪೋರ್ಟಲ್ಲಿ ಗಡ್ಡ, ಲೇಬರ್ ಕಾರ್ಡಲ್ಲಿ ಗಡ್ಡ. ಇನ್ನು ಆ ಗೇಟಲ್ಲಿ ಯಾರು ನೀನು ಅಂತ ಕೇಳಿದ್ರೆ ಎಂತ ಹೇಳುದು?” ಎಂದರು. ಟೀವಿಯ ಸೈರನ್ ಇನ್ನೂ ಕೂಗುತ್ತಿತ್ತು.

ಶನಿವಾರ ಮೂರನೆಯ ಪರೀಕ್ಷೆ. ಸೈನಿಕ ಕಾಕನ ಗಲ್ಲ ನೋಡಿ ಕೈಕುಲುಕಿದ. ಪಟ್ಟಿಗಳನ್ನು ನಾನೇ ಬಿಗಿದೆ. ಈ ಸಲ ಅಂಚಿನಲ್ಲಿ ಬೆರಳು ತೂರಲಿಲ್ಲ. “ಯಾವ ವಾಸನೆ ಬಂದರೂ,” ಎಂದು ಮತ್ತೊಮ್ಮೆ ಹೇಳಿದೆ. ಕಾಕಾ ಒಳಗೆ ನಿಂತು ತಲೆ ತಿರುಗಿಸಿದರು, ಬಗ್ಗಿಸಿದರು, ಎಣಿಸಿದರು. ನಾನು ಅವರ ಕೈಗಳನ್ನೇ ನೋಡುತ್ತಿದ್ದೆ. ಎರಡೂ ಕೈ ತೊಡೆಗೆ ಒತ್ತಿಕೊಂಡಿದ್ದವು, ಬೆರಳು ಮಡಚಿಕೊಂಡು. ಎಣಿಕೆಯ ನಡುವೆ ಒಂದು ಕಡೆ ದನಿ ನಿಂತಿತು. ಉಸಿರು ಎಳೆದುಕೊಳ್ಳಲು ನಿಂತದ್ದಿರಬಹುದು. ಮತ್ತೆ ಮುಂದುವರಿಯಿತು.

ಕೈ ಏಳಲಿಲ್ಲ. ಸೈನಿಕ ಹೆಬ್ಬೆರಳು ತೋರಿಸಿದ. ಕಾರ್ಡಿನ ಮೇಲೆ ‘ಪಾಸ್’ ಎಂದು ಬರೆದು ಸಹಿ ಹಾಕಿದೆ. ಕಾಕಾ ಹೊರಬಂದು ಮುಖವಾಡ ಬಿಚ್ಚಿದರು. ಒಳಗೆ ನಿಂತಿದ್ದ ಬೆವರು ಬರಿಗಲ್ಲದಿಂದ ಅಂಗಿಯ ಮೇಲೆ ಸುರಿಯಿತು. ಕಾರ್ಡನ್ನು ಅವರ ಕೈಗೆ ಕೊಡುವಾಗ ನನ್ನಿಂದ ತಡೆಯಲಾಗಲಿಲ್ಲ.

“ನಿಜವಾಗ್ಲೂ ಏನೂ ಬರಲಿಲ್ವಾ ಕಾಕಾ?”

ಅವರು ಕಾರ್ಡನ್ನು ಜೇಬಿಗೆ ಇಳಿಸಿ, ಗಲ್ಲವನ್ನು ಮುಂಗೈಯಿಂದ ಒರೆಸಿಕೊಂಡರು.

“ಗಡ್ಡ ಕೇಳಿದ್ರಿ, ಕೊಟ್ಟೆ. ಇನ್ನು ಮೂಗೂ ಬೇಕಾ?”